ಸುಮಿತ್ರಳಿಗೆ ದೂರ ತೋರಿಸಲು ಹೋದದ್ದು

ಹೊರಡುವ ಮುನ್ನ

"ಕಾಡಿಲ್ಲದ ಊರಿಗೆ ಒಂದ್ಸಲ ಕರ್ಕೊಂಡು ಹೋಗಕ್ಕ" ಎಂದು ನನ್ನ ತಂಗಿ ಸುಮಿತ್ರ ಕೇಳಿದ್ದು ಕಳಸದ ಅವಳ ಮನೆಯ ಕಣದಲ್ಲಿ, ಹರವಿದ ಕಾಫಿಯನ್ನು ಕಾಲಿನಿಂದ ಕೆದಕುತ್ತಾ. ಮಂಗಳೂರಿನ ಕಣ್ಣಿನ ಡಾಕ್ಟರನ್ನು ಕಂಡು ಬಂದ ಮಾರನೆಯ ದಿನ ಅದು. ಅವಳ ನೋಟ ಸುತ್ತಲಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತಾ ಬರುತ್ತಿದೆ ಎಂದು ಡಾಕ್ಟರು ಹೇಳಿದ್ದರು. ನಡುವೆ ಒಂದು ಕಿಂಡಿಯಷ್ಟು ಮಾತ್ರ ಉಳಿದಿದೆ. ಅದು ಎಷ್ಟು ಕಾಲ ತೆರೆದಿರುತ್ತದೋ ಹೇಳಲಾಗದು. ಕತ್ತಲಾಯಿತೆಂದರೆ ಆ ಕಿಂಡಿಯೂ ಇಲ್ಲ.

"ಕಾಡಿಲ್ಲದ ಊರಲ್ಲಿ ಎಂತ ನೋಡ್ತೀಯ?" ಎಂದೆ.

"ದೂರ ನೋಡ್ತೇನೆ. ಹುಟ್ಟಿದಾಗಿಂದ ನೋಡಿದ್ದೆಲ್ಲ ಹತ್ತಿರದ್ದೇ. ಬಾಗಿಲು ತೆಗೆದ್ರೆ ಸಿಲ್ವರ್ ಓಕು, ಅದರಾಚೆ ಹಲಸು, ಅದರಾಚೆ ಗುಡ್ಡ. ಗುಡ್ಡ ಹತ್ತಿದ್ರೆ ಮಂಜು. ದೂರ ಅಂದ್ರೆ ಎಷ್ಟು ದೂರ ಅಂತ ನಂಗೆ ಗೊತ್ತೇ ಇಲ್ಲ."

ನಾನು ಚಿಕ್ಕಮಗಳೂರಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ನಿವೃತ್ತಿಯವರೆಗೂ ವಾರ್ಡನ್ ಆಗಿದ್ದವಳು. ಅದಕ್ಕೂ ಮೊದಲು ಅಂಥದ್ದೇ ಹಾಸ್ಟೆಲಿನಲ್ಲಿ ಬೆಳೆದವಳು. ಏಳಲು ಗಂಟೆ, ಮೀಯಲು ಗಂಟೆ, ಉಣ್ಣಲು ಗಂಟೆ. ಯಾರಾದರೂ ಆಸೆ ಹೇಳಿಕೊಂಡರೆ ಸಮಾಧಾನ ಹೇಳಲು ನನಗೆ ಬರುವುದಿಲ್ಲ. ವೇಳಾಪಟ್ಟಿ ಹಾಕಲು ಬರುತ್ತದೆ. ಅಮೆರಿಕದ ಫೀನಿಕ್ಸಿನಲ್ಲಿ ನರ್ಸ್ ಆಗಿರುವ ನಮ್ಮ ಅಣ್ಣನ ಮಗಳು ರೂಪಾಳಿಗೆ ಆ ಸಂಜೆಯೇ ಫೋನ್ ಮಾಡಿದೆ. ಅವಳ ಊರಿನ ಸುತ್ತ ನೂರಾರು ಮೈಲಿ ಮರುಭೂಮಿ, ಅದರಲ್ಲಿ ಹತ್ತಾರು ರಾಷ್ಟ್ರೀಯ ಉದ್ಯಾನಗಳು ಎಂದು ಕೇಳಿದ್ದೆ.

ನೆರಳುಮರಗಳ ಕೊಂಬೆ ಸವರುವ ಮರಗಸಿ ಮುಗಿಸಿ, ಗಿಡಗಳಿಗೆ ಗೊಬ್ಬರ ಕೊಟ್ಟು, ಮಳೆ ಹಿಡಿದ ಮೇಲೆಯೇ ಸುಮಿತ್ರಳಿಗೆ ಬಿಡುವು. ಅಂದರೆ ಜುಲೈ.

"ಜುಲೈನಲ್ಲಿ ಯಾರೂ ಬರಲ್ಲ ದೊಡ್ಡತ್ತೆ. ಇಲ್ಲಿ ಮೊಟ್ಟೆ ಒಡೆದು ರೋಡಿಗೆ ಹಾಕಿದ್ರೆ ಬೇಯ್ತದೆ" ಎಂದಳು ರೂಪಾ.

"ನಾವು ಮೊಟ್ಟೆ ಅಲ್ಲ" ಎಂದೆ.

ಸುಮಿತ್ರಳ ಗಂಡ ಶಂಕರ ಬಸ್ ನಿಲ್ದಾಣದವರೆಗೆ ಕೊಡೆ ಹಿಡಿದುಕೊಂಡು ಬಂದ. "ದುಡ್ಡು ಕೊಟ್ಟು ಬಿಸಿಲಿಗೆ ಹೋಗೋರನ್ನ ಇದೇ ಮೊದಲು ನೋಡಿದ್ದು" ಎಂದು ನಕ್ಕ. ಬಸ್ಸು ಹೊರಡುವಾಗ ನಗಲಿಲ್ಲ. ನನ್ನ ಕಡೆ ಬಗ್ಗಿ ಮೆಲ್ಲಗೆ, "ಪೂರ್ತಿ ತೋರಿಸ್ಕೊಂಡು ಬನ್ನಿ ಅತ್ತಿಗೆ" ಎಂದ.

ಫೀನಿಕ್ಸ್

ವಿಮಾನ ನಿಲ್ದಾಣದ ಬಾಗಿಲು ತಾನಾಗಿ ತೆರೆದಾಗ ಬಚ್ಚಲ ಒಲೆಯ ಬಾಯಿಗೆ ಮುಖ ಕೊಟ್ಟಂತಾಯಿತು. ಬೆವರು ಬರಲಿಲ್ಲ. ಬರುವ ಮುಂಚೆಯೇ ಆರಿಹೋಗುತ್ತಿತ್ತು. ನಮ್ಮಲ್ಲಿ ಜುಲೈ ತಿಂಗಳೆಂದರೆ ಗೋಡೆಯೂ ಒದ್ದೆ, ತೀಪೆಟ್ಟಿಗೆಯೂ ಒದ್ದೆ. ಇಲ್ಲಿ ತುಟಿ ಒಡೆದು ರಕ್ತ ಬಂತು.

ಆದರೆ ಒಂದು ಸುಖ ಸಿಕ್ಕಿತು. ಅದು ಬೇರೆ ದೇಶದವರಿಗೆ ಹೇಳಿದರೆ ಅರ್ಥವಾಗಲಿಕ್ಕಿಲ್ಲ, ಮೂಡಿಗೆರೆ, ಕಳಸದವರಿಗೆ ಹೇಳಬೇಕಾಗಿಯೇ ಇಲ್ಲ. ಬಟ್ಟೆ ಒಣಗುತ್ತದೆ! ಹಿಂಡಿ ಹರವಿ, ಕಾಫಿ ಕುಡಿದು ಬರುವಷ್ಟರಲ್ಲಿ ಸೀರೆ ಹಪ್ಪಳ. ಮಳೆಗಾಲವಿಡೀ ಒಲೆಯ ಮೇಲೆ ತೂಗುಹಾಕಿ, ಹೊಗೆ ವಾಸನೆಯ ಬಟ್ಟೆ ಉಟ್ಟು ಬಂದ ನಾವು ಹುಚ್ಚು ಹಿಡಿದವರಂತೆ ಒಗೆದೆವು. ಒಗೆಯಲು ಏನೂ ಉಳಿಯದಾಗ ಸುಮಿತ್ರ ರೂಪಾಳ ಕಿಟಕಿಯ ಪರದೆಗಳನ್ನು ಬಿಚ್ಚಿದಳು.

"ಚಿಕ್ಕತ್ತೆ, ಅದಕ್ಕೆ ಮಷಿನ್ ಉಂಟು!"

"ಮಷಿನ್ನಿಗೆ ಈ ಬಿಸಿಲಿನ ಬೆಲೆ ಗೊತ್ತಿಲ್ಲ ಕಣೇ. ಇಲ್ಲಿ ಕಾಫಿ ಹರವಿದ್ರೆ ಎರಡು ದಿನಕ್ಕೆ ಒಣಗಿ ಗಲಗಲ ಅಂತಿತ್ತು. ನಾವು ಕಣದಲ್ಲಿ ಎಷ್ಟು ಸಲ ಟಾರ್ಪಾಲು ಎಳೀತೇವೆ!"

ವೇಳಾಪಟ್ಟಿಯನ್ನು ನಾನು ಊರಿನಲ್ಲೇ ಸಿದ್ಧಮಾಡಿದ್ದೆ. ಬೆಳಕು ಹರಿಯುವ ಮೊದಲು ಏಳುವುದು, ಬಿಸಿಲೇರುವ ಮುಂಚೆ ನೋಡಿ ಮುಗಿಸುವುದು, ಮಧ್ಯಾಹ್ನ ಒಳಗೆ, ಸಂಜೆ ಮತ್ತೆ ಹೊರಗೆ, ಕತ್ತಲಿಗೆ ಮುನ್ನ ಕೋಣೆಗೆ. ಕತ್ತಲಲ್ಲಿ ಸುಮಿತ್ರ ಕಾಲಿಡಲಾರಳು.

"ಇದು ಹಾಸ್ಟೆಲ್ ಅಲ್ಲ ದೊಡ್ಡತ್ತೆ, ರಜೆ" ಎಂದು ಗೊಣಗಿದಳು ರೂಪಾ.

"ಇಲ್ಲಿನ ಸೂರ್ಯ ನನಗಿಂತ ಸ್ಟ್ರಿಕ್ಟು" ಎಂದೆ. ಮೊದಲ ದಿನ ತಡವಾಗಿ ಎದ್ದು ಹೊರಟು, ಮೊಣಕೈ ಕಾರಿನ ಬಾಗಿಲಿಗೆ ತಾಗಿ ಬೊಬ್ಬೆ ಎದ್ದ ಮೇಲೆ ಅವಳೇ ಅಲಾರಂ ಇಡತೊಡಗಿದಳು.

ಕಲ್ಲಾದ ಕಾಡು

ಮೊದಲು ಹೋದದ್ದು ಪೆಟ್ರಿಫೈಡ್ ಫಾರೆಸ್ಟಿಗೆ. ಮರವಿಲ್ಲದ ಜಾಗ ಬೇಕೆಂದು ಬಂದವಳನ್ನು ನಾನು ಕಾಡಿಗೇ ಕರೆತಂದೆನೆಂದು ಸುಮಿತ್ರ ಮುಖ ಸಿಂಡರಿಸಿದಳು. ಆದರೆ ಇಲ್ಲಿ ಒಂದು ಮರವೂ ನಿಂತಿಲ್ಲ. ಊಹಿಸಲಾಗದಷ್ಟು ಹಿಂದಿನ ಕಾಲದಲ್ಲಿ ಉರುಳಿದ ಮರಗಳು ಮಣ್ಣಿನಲ್ಲಿ ಹೂತು ಕಲ್ಲಾಗಿ ಬಿದ್ದಿವೆ. ತೊಗಟೆ, ಗಂಟು, ಒಳಗಿನ ಉಂಗುರಗಳು ಎಲ್ಲ ಹಾಗೇ ಇವೆ. ತಟ್ಟಿದರೆ ಮಾತ್ರ ಕಲ್ಲು.

ಸುಮಿತ್ರ ಒಂದರ ಮೇಲೆ ಕೈಯಾಡಿಸಿ, "ಕಳ್ಳ ನಾಟ ಸಾಗಿಸೋರಿಗೆ ಇಲ್ಲಿ ಸೊಂಟ ಮುರೀತದೆ" ಎಂದಳು. ಬೆರಳಿನಷ್ಟು ಚೂರನ್ನೂ ಒಯ್ಯುವಂತಿಲ್ಲ ಎಂಬ ಫಲಕ ಪಕ್ಕದಲ್ಲೇ ಇತ್ತು. ನಾಟ ಕದಿಯುವವರು ಇಲ್ಲೂ ಇದ್ದಾರೆ ಎಂದು ತಿಳಿದು ನಮಗೆ ಸ್ವಲ್ಪ ಸಮಾಧಾನವಾಯಿತು.

ಈ ದೇಶದವರ ಒಂದು ಅಭ್ಯಾಸಕ್ಕೆ ಹೊಂದಿಕೊಳ್ಳಲು ಸಮಯ ಹಿಡಿಯಿತು. ಎದುರಾದವರೆಲ್ಲ "ಹೇಗಿದ್ದೀರಿ?" ಎನ್ನುತ್ತಾರೆ. ನಾನು ನಿಂತು ಸರಿಯಾಗಿ ಉತ್ತರ ಕೊಡಲು ಹೊರಡುತ್ತಿದ್ದೆ. ಅಷ್ಟರಲ್ಲಿ ಅವರು ಹತ್ತು ಹೆಜ್ಜೆ ಮುಂದೆ. ನಮ್ಮಲ್ಲಿ "ಊಟ ಆಯ್ತಾ?" ಎಂದು ಕೇಳಿದವರು ಕಡೇಪಕ್ಷ ಏನು ಸಾರು ಎಂದಾದರೂ ತಿಳಿದುಕೊಂಡು ಹೋಗುತ್ತಾರೆ.

ಮೋಆಬ್

ಉತ್ತರಕ್ಕೆ ಒಂದು ಇಡೀ ದಿನ ಪ್ರಯಾಣ ಮಾಡಿ ಯೂಟಾ ರಾಜ್ಯದ ಮೋಆಬ್ ಎಂಬ ಸಣ್ಣ ಊರನ್ನು ಸೇರಿದೆವು. ಪಕ್ಕದಲ್ಲೇ ಆರ್ಚಸ್ ಉದ್ಯಾನ. ಗಾಳಿ, ನೀರು ಕೊರೆದ ಕೆಂಪು ಕಲ್ಲಿನ ಕಮಾನುಗಳು. ದೇಶವಿದೇಶದ ಜನ ಅವುಗಳ ಕೆಳಗೆ ನಿಂತು ಕೈ ಮೇಲೆತ್ತಿ ಫೋಟೋ ತೆಗೆಸಿಕೊಳ್ಳುತ್ತಾರೆ. ನಾನೂ ತಂಗಿಯ ಮೊಣಕೈ ಹಿಡಿದು ಮೆಟ್ಟಿಲು ಹತ್ತಿಸಿ, ಒಂದು ದೊಡ್ಡ ಕಮಾನಿನ ನೇರ ಕೆಳಗೆ ನಿಲ್ಲಿಸಿದೆ.

"ನೋಡು. ಮೇಲೆ ನೋಡು. ಎಡಕ್ಕೆ. ಅಲ್ಲ, ಇನ್ನೂ ಮೇಲೆ."

ಅವಳು ಕತ್ತು ತಿರುಗಿಸಿದಳು, ಮತ್ತೆ ತಿರುಗಿಸಿದಳು. "ಚೆನ್ನಾಗಿದೆ" ಎಂದಳು.

ನಲವತ್ತು ವರ್ಷ ಹುಡುಗಿಯರ "ಚೆನ್ನಾಗಿದೆ ಮಿಸ್" ಕೇಳಿದವಳು ನಾನು. ಉಪ್ಪಿಟ್ಟಿಗೆ ಉಪ್ಪು ಬೀಳದ ದಿನವೂ ಅವರು ಹಾಗೇ ಹೇಳುತ್ತಿದ್ದರು.

"ನಿಜ ಹೇಳು."

"ಎಂತ ಹೇಳ್ಲಿ ಅಕ್ಕ? ಕಲ್ಲು ಕಾಣ್ತದೆ. ಆಮೇಲೆ ಇನ್ನೊಂದು ಕಲ್ಲು. ನೀನು ಕಮಾನು ಅಂತೀಯ, ನಾನು ನಂಬ್ತೇನೆ."

ನಾವು ಕಾರಿನ ಬಳಿಗೆ ಇಳಿದು ಬಂದೆವು. ಬಾಗಿಲು ತೆಗೆಯುವಾಗ ಸುಮಿತ್ರ ಹಿಂತಿರುಗಿದಳು. ಅವಳ ಕೈ ಬಾಗಿಲ ಮೇಲೇ ನಿಂತಿತು.

"ಅಕ್ಕ! ಬಂತು!"

"ಎಂತ ಬಂತು?"

"ಕಮಾನು! ಪೂರ್ತಿ ಬಂತು. ಆ ಕಡೆ ಕಾಲು, ಈ ಕಡೆ ಕಾಲು, ನಡುವೆ ಆಕಾಶ. ಅದರ ಕೆಳಗೆ ಇರುವೆ ಹಾಗೆ ಜನ. ಅಯ್ಯೋ, ಎಷ್ಟು ಚೆಂದ ಮಾರಾಯ್ತಿ!"

ಕಿಂಡಿಯಲ್ಲಿ ನೋಡುವವರಿಗೆ ಹತ್ತಿರದ್ದು ತುಂಡುತುಂಡು, ದೂರದ್ದು ಇಡಿ. ಇಷ್ಟು ಸರಳ ವಿಷಯ ನನಗೆ ಹೊಳೆದಿರಲಿಲ್ಲ. ಅವಳು ಕಣದಲ್ಲಿ ನಿಂತು ದೂರ ನೋಡಬೇಕೆಂದು ಕೇಳಿದಾಗಲೇ ಹೊಳೆಯಬೇಕಿತ್ತು. ಊರಿನಲ್ಲಿ ಅವಳಿಗೆ ಯಾವುದೂ ಇಡಿಯಾಗಿ ಸಿಗುವುದಿಲ್ಲ, ಏಕೆಂದರೆ ಊರಿನಲ್ಲಿ ದೂರವೇ ಇಲ್ಲ.

ಹಾಗಾದರೆ ಇನ್ನು ಹತ್ತಿರ ಹೋಗುವುದಿಲ್ಲ ಎಂದು ಅಲ್ಲೇ ನಿರ್ಧಾರವಾಯಿತು. ಎಲ್ಲಕ್ಕಿಂತ ಹೆಚ್ಚು ದೂರ ಕಾಣುವ ಜಾಗ ಯಾವುದು ಎಂದು ರೂಪಾಳನ್ನು ಕೇಳಿದೆ. ಕ್ಯಾನಿಯನ್‌ಲ್ಯಾಂಡ್ಸ್ ಉದ್ಯಾನದ ಗ್ರ್ಯಾಂಡ್ ವ್ಯೂ ಪಾಯಿಂಟ್ ಎಂದಳು. ಮೋಆಬಿನಿಂದ ಗಂಟೆಯೊಳಗಿನ ದಾರಿ. ನಾಳೆ ಬೆಳಿಗ್ಗೆ ಅಲ್ಲಿಗೆ ಎಂದು ಹೇಳಿ ಮಲಗಿದೆವು.

ಮಾರನೆಯ ಮುಂಜಾನೆ ಫ್ಲಾಸ್ಕು ಹಿಡಿದು ಮೋಟೆಲಿನ ಮೆಟ್ಟಿಲಿಳಿಯುವಾಗ ರೂಪಾ ಕೊನೆಯ ಮೆಟ್ಟಿಲು ತಪ್ಪಿಸಿದಳು. ಬಲಗಾಲಿನ ಹರಡು ಕ್ಷಣದಲ್ಲಿ ಕಿತ್ತಳೆಯಂತೆ ಊದಿತು. ಮೂಳೆ ಮುರಿದಿಲ್ಲ ಎಂದು ನರ್ಸಮ್ಮ ತಾನೇ ಒತ್ತಿ ನೋಡಿ ಹೇಳಿದಳು. ಆದರೆ ಗಾಡಿ ಓಡಿಸುವಂತಿರಲಿಲ್ಲ.

"ಫ್ರೆಂಡ್ ಯಾರನ್ನಾದ್ರೂ ಕರೆಸ್ತೇನೆ ದೊಡ್ಡತ್ತೆ. ವಾಪಸ್ ಫೀನಿಕ್ಸಿಗೆ ಹೋಗಿ..."

"ಕೀ ಕೊಡು" ಎಂದೆ.

ಗುಡ್ಡದ ತಿರುವುಗಳು

ಬೇಕಾಗಲಿಕ್ಕಿಲ್ಲ, ಇರಲಿ ಎಂದು ವಿದೇಶದಲ್ಲಿ ಗಾಡಿ ಓಡಿಸುವ ಪರವಾನಗಿ ಮಾಡಿಸಿಕೊಂಡೇ ಬಂದಿದ್ದೆ. ಚಾರ್ಮಾಡಿ ಘಾಟಿಯಲ್ಲಿ ಮಳೆಯಲ್ಲಿ ಜೀಪು ಇಳಿಸಿದ ಕೈ ಇದು. ಇಲ್ಲಿನ ರಸ್ತೆ ನನಗೇನು?

ಆದರೆ ಇಲ್ಲಿ ಎಲ್ಲವೂ ತಿರುಗುಮುರುಗು. ಸ್ಟೀರಿಂಗ್ ಎಡಕ್ಕೆ, ಓಡಿಸಬೇಕಾದದ್ದು ರಸ್ತೆಯ ಬಲಕ್ಕೆ. ತಿರುಗುವ ದೀಪ ಹಾಕಲು ಹೋದರೆ ವೈಪರು ಕುಣಿಯುತ್ತಿತ್ತು. ಹನಿ ನೀರಿಲ್ಲದ ಆಕಾಶದ ಕೆಳಗೆ, ಪ್ರತಿ ತಿರುವಿನಲ್ಲೂ ಗಾಜು ಕೆರೆಯುತ್ತಾ ನಮ್ಮ ಗಾಡಿ ಸಾಗಿತು.

"ಊರಿನ ಮಳೆ ಅಕ್ಕನ ಕೈಯಿಂದ ಇನ್ನೂ ಬಿಟ್ಟಿಲ್ಲ" ಎಂದು ಪಕ್ಕದ ಸೀಟಿನಿಂದ ಸುಮಿತ್ರ.

ಊರು ದಾಟಿ ಬಲು ದೂರ ನೇರ ರಸ್ತೆ, ಆಮೇಲೆ ಏರು. ಏರಿನಲ್ಲಿ ತಿರುವುಗಳು ಶುರುವಾದವು. ತಿರುವು ಬಂದರೆ ನಾನು ಏನು ಮಾಡುತ್ತೇನೆ? ನಮ್ಮ ಕಡೆಯ ಯಾರೇ ಆದರೂ ಏನು ಮಾಡುತ್ತಾರೆ? ಹಾರ್ನ್ ಹಾಕುತ್ತೇವೆ. ಮೊದಲ ತಿರುವಿಗೆ ಒಂದು, ಎರಡನೆಯದಕ್ಕೆ ಎರಡು, ಕಡಿದಾದ ಮೂರನೆಯದಕ್ಕೆ ಉದ್ದವಾಗಿ ಒಂದು. ಹಿಂದಿನ ಸೀಟಿನಲ್ಲಿ ಕಾಲು ಮೇಲಿಟ್ಟು ಮಲಗಿದ್ದ ರೂಪಾ "ಬೇಡ, ಬೇಡ" ಎಂದು ಕೂಗುತ್ತಿದ್ದುದನ್ನು ನೋವಿಗೆ ಎಂದು ತಿಳಿದೆ.

ಮುಂದೆ ಹೋಗುತ್ತಿದ್ದ ಮನೆಯಂಥ ದೊಡ್ಡ ವ್ಯಾನು ಬದಿಗೆ ಸರಿದು ನಿಂತಿತು. ಅದರಿಂದ ಬಿಳಿ ಗಡ್ಡದ ಒಬ್ಬ ಮುದುಕ ಇಳಿದು, ಕೈ ಅಡ್ಡ ಹಿಡಿದು ನಮ್ಮನ್ನು ನಿಲ್ಲಿಸಿದ. ಮುಖದಲ್ಲಿ ಗಾಬರಿ.

"ಯಾರಿಗಾದರೂ ಪೆಟ್ಟಾಗಿದೆಯೇ?"

"ಇವಳಿಗೆ ಹರಡು ಉಳುಕಿದೆ. ಆದರೆ ಅದು ಬೆಳಿಗ್ಗೆ" ಎಂದೆ.

"ಮತ್ತೆ ಹಾರ್ನ್?"

"ತಿರುವು ಇತ್ತಲ್ಲ."

ಆತ ಹಿಂದಕ್ಕೆ ತಿರುಗಿ ತಿರುವನ್ನು ನೋಡಿದ. ನನ್ನನ್ನು ನೋಡಿದ. ಇಲ್ಲಿ ಹಾರ್ನ್ ಎಂದರೆ ಒಂದೋ ಬೈಗುಳ, ಇಲ್ಲವೇ ಅಪಾಯ ಎಂದು ರೂಪಾ ತಲೆ ತಗ್ಗಿಸಿಕೊಂಡು ನನಗೆ ಕನ್ನಡದಲ್ಲಿ ಹೇಳಿದಳು. ನಾನು ಆತನಿಗೆ ವಿವರಿಸಿದೆ: ನಮ್ಮ ಗುಡ್ಡಗಳಲ್ಲಿ ತಿರುವಿನ ಆಚೆ ಏನು ಬರುತ್ತಿದೆ ಎಂದು ಕಾಣುವುದಿಲ್ಲ. ಲಾರಿ ಇರಬಹುದು, ದನ ಇರಬಹುದು, ಆನೆಯೂ ಇರಬಹುದು. ನಾನು ಬರುತ್ತಿದ್ದೇನೆ ಎಂದು ಹೇಳದೆ ತಿರುಗುವುದು ಮರ್ಯಾದೆಯಲ್ಲ.

"ಆನೆ!" ಎಂದು ಆತ ತನ್ನ ಹೆಂಡತಿಯನ್ನು ಕೂಗಿ ಕರೆದು ಅದನ್ನೇ ಮತ್ತೊಮ್ಮೆ ನನ್ನಿಂದ ಹೇಳಿಸಿದ. ಅವರು ನಮಗೆ ಪೀಚ್ ಹಣ್ಣು ಕೊಟ್ಟರು. ಹೊರಡುವಾಗ ಮುದುಕ ತನ್ನ ವ್ಯಾನಿನ ಹಾರ್ನನ್ನು ಒಮ್ಮೆ ಬಾರಿಸಿ ತಿರುವಿನಲ್ಲಿ ಮರೆಯಾದ.

ಗ್ರ್ಯಾಂಡ್ ವ್ಯೂ ಪಾಯಿಂಟ್

ಮೇಲೆ ತಲುಪಿದಾಗ ಎದುರಿಗೆ ಏನೂ ಇರಲಿಲ್ಲ. ಬರೀ ಬಿಳಿ.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಗೆಲುವಿನಿಂದಲೇ. ಮಂಜು! ಇದು ನಮಗೆ ಗೊತ್ತಿರುವ ವಿಷಯ. ಬೆಳಿಗ್ಗೆ ಮಂಜು ಇದ್ದರೆ ಬಿಸಿಲು ಚುರುಕಾದಂತೆ ಕೆಳಗಿನಿಂದ ಏಳುತ್ತದೆ, ಮೊದಲು ಹತ್ತಿರದ ಗುಡ್ಡ ಬಿಡುತ್ತದೆ, ಆಮೇಲೆ ಕಣಿವೆ. ಕಾಯುವುದೊಂದೇ ಕೆಲಸ. ರೂಪಾಳನ್ನು ಕಾರಿನಲ್ಲೇ ಮಲಗಲು ಬಿಟ್ಟು, ಬಂಡೆಯ ಮೇಲೆ ಕೂತು ಫ್ಲಾಸ್ಕಿನ ಕಾಫಿ ಕುಡಿದೆವು. ಸೌದೆ ಒಲೆಯ ವಾಸನೆ ಬರುತ್ತಿತ್ತು.

"ಯಾರೋ ಹತ್ತಿರದಲ್ಲಿ ಅಡಿಗೆ ಹೂಡಿದ್ದಾರೆ" ಎಂದಳು ಸುಮಿತ್ರ.

ಬಿಸಿಲೇರಿತು. ಬಿಳಿ ಹಳದಿಯಾಯಿತು, ಏಳಲಿಲ್ಲ. ಅಗಲ ಟೋಪಿಯ ಉದ್ಯಾನದ ಕಾವಲುಗಾರ್ತಿ ಬಂದು, ಇಷ್ಟು ಹೊತ್ತಿನಿಂದ ಏಕೆ ಕೂತಿದ್ದೀರಿ ಎಂದು ಕೇಳಿದಳು. ಮಂಜು ಏಳುವುದಕ್ಕೆ ಎಂದೆ.

ಆಕೆ ನಗಲಿಲ್ಲ. "ಅಮ್ಮಾ, ಇದು ಮಂಜಲ್ಲ, ಹೊಗೆ. ಉತ್ತರದಲ್ಲಿ ಕಾಡಿಗೆ ಬೆಂಕಿ ಬಿದ್ದಿದೆ" ಎಂದಳು. ಸೂರ್ಯನಿಂದ ಇದು ಹೋಗುವುದಿಲ್ಲ, ಗಾಳಿ ತಿರುಗಬೇಕು. ಎಂದು ತಿರುಗುತ್ತದೆ? ಅದು ಆಕೆಗೂ ಗೊತ್ತಿರಲಿಲ್ಲ.

ಇಳಿಯುವಾಗ ಅವೇ ತಿರುವುಗಳು. ನಾನು ಹಾರ್ನ್ ಹಾಕಲಿಲ್ಲ.

ನನ್ನ ವೇಳಾಪಟ್ಟಿಯ ಪ್ರಕಾರ ಮರುದಿನ ಕ್ಯಾಪಿಟಲ್ ರೀಫ್, ನಂತರ ಬ್ರೈಸ್, ಕೊನೆಗೆ ಝಯಾನ್. ಎಲ್ಲ ಹೆಸರುವಾಸಿ ಉದ್ಯಾನಗಳು. ಕೋಣೆಗೆ ಬಂದು ರೂಪಾಳ ಕಾಲಿಗೆ ಐಸ್ ಕಟ್ಟಿ, ನಾಳೆಯೂ ಗ್ರ್ಯಾಂಡ್ ವ್ಯೂ, ನಾಡಿದ್ದೂ ಗ್ರ್ಯಾಂಡ್ ವ್ಯೂ ಎಂದು ಹೇಳಿದೆ.

"ದೊಡ್ಡತ್ತೆ, ಝಯಾನ್ ಬಿಡ್ತೀರಾ? ಅದನ್ನ ನೋಡೋಕೆ ಜನ ಪ್ರಾಣ ಬಿಡ್ತಾರೆ!"

"ಅವರು ಬಿಡಲಿ. ನಾನು ಝಯಾನ್ ಬಿಟ್ಟೆ."

"ಗಾಳಿ ತಿರುಗದೇ ಇದ್ರೆ? ನಂಗೆ ಅಷ್ಟೇ ರಜೆ ಇರೋದು."

"ತಿರುಗುವ ಹೊತ್ತಿಗೆ ನಾವಲ್ಲಿ ಇರಬೇಕು. ಅಷ್ಟು ನಮ್ಮ ಕೈಲಿದೆ."

ಎರಡನೆಯ ಬೆಳಿಗ್ಗೆ ಹೊಗೆ ಇನ್ನೂ ದಟ್ಟವಾಗಿತ್ತು. ಕಾರು ನಿಲ್ಲಿಸಿದ ಜಾಗದಿಂದ ಬೇಲಿಯೂ ಮಸುಕು. ಆದರೂ ಅದೇ ಬಂಡೆಯ ಮೇಲೆ ಕೂತೆವು. ಕಣ್ಣು ಉರಿಯಿತು. ಸುಮಿತ್ರ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಹೊಗೆಗೋ, ಬೇರೆಯದಕ್ಕೋ.

"ಸಾಕಕ್ಕ, ಹೋಗಾಣ. ಅಲ್ಲೂ ಬಿಳಿ, ಇಲ್ಲೂ ಬಿಳಿ. ನನ್ನ ಹಣೇಲಿ ದೂರ ಬರೆದಿಲ್ಲ. ಕಮಾನು ನೋಡಿದೆನಲ್ಲ, ಅದೇ ಆಯ್ತು."

"ಇಲ್ಲ."

"ನಿಂದು ಹಟ."

"ಹೌದು. ಹಟವೇ."

"ಚಿಕ್ಕವಳಿದ್ದಾಗ್ಲೂ ಹೀಗೇ. ನೀನು ಹಾಸ್ಟೆಲಿಂದ ರಜೆಗೆ ಬಂದಾಗ ನಂಗೆ ಜ್ವರ ಬಂದ್ರೆ ಗಂಜಿ ಪೂರ್ತಿ ಕುಡಿಯೋ ತನಕ ಎದುರಿಗೇ ಕೂರ್ತಿದ್ದೆ."

"ಕುಡಿದೆಯಲ್ಲ. ಬದುಕಿದೆಯಲ್ಲ" ಎಂದೆ. ಅವಳು ನಕ್ಕಳು, ಆದರೆ ನನ್ನ ಕಡೆ ತಿರುಗಲಿಲ್ಲ.

ಆ ಸಂಜೆ ಮೋಆಬಿಗೆ ಗಾಳಿ ನುಗ್ಗಿತು. ಮೋಟೆಲಿನ ಬೋರ್ಡು ಬಡಿದುಕೊಂಡಿತು, ನಾವು ಕಟಕಟೆಗೆ ಹರವಿದ್ದ ಸೀರೆ ಹಾರಿ ಪಕ್ಕದ ಕಾರಿನ ಮೇಲೆ ಬಿತ್ತು. ಮರಳು ಹಲ್ಲಿನ ನಡುವೆ ಸೇರಿತು. ನಾಲ್ಕು ದೊಡ್ಡ ಹನಿ ಬಿದ್ದು ನಿಂತವು. ಮೋಟೆಲಿನ ಒಡತಿ ಹೊರಗೆ ಬಂದು ಅದನ್ನೇ ಮಳೆ ಎಂದು ಕರೆದು ಸಂಭ್ರಮಪಟ್ಟಳು.

ಮೂರನೆಯ ಬೆಳಿಗ್ಗೆ

ಗಾಳಿ ಹೊಗೆಯನ್ನು ಒಯ್ದಿದೆ ಎಂದು ಗುಡ್ಡ ಹತ್ತುವಾಗಲೇ ನನಗೆ ತಿಳಿಯಿತು, ಹೇಳಲಿಲ್ಲ. ರೂಪಾ ಉಸಿರೆಳೆದದ್ದು ಕೇಳಿಸಿತು. ಅವಳಿಗೆ ಕನ್ನಡಿಯಲ್ಲಿ ಕಣ್ಣಿನಿಂದಲೇ ಸುಮ್ಮನಿರು ಎಂದೆ. ಸುಮಿತ್ರಳನ್ನು ಮೊಣಕೈ ಹಿಡಿದು ನಡೆಸಿ, ಅಂಚಿನಿಂದ ತಕ್ಕಷ್ಟು ಹಿಂದಿರುವ ನಮ್ಮ ಬಂಡೆಯ ಮೇಲೆ ಕೂರಿಸಿದೆ. ಈ ಸಲ ಎಡಕ್ಕೆ ನೋಡು, ಬಲಕ್ಕೆ ನೋಡು ಎಂದು ಹೇಳಲಿಲ್ಲ.

ಕಾಲ ಕೆಳಗೆ ನೆಲ ಪಾತಾಳಕ್ಕೆ ಇಳಿದಿತ್ತು. ಅಲ್ಲಿ ಮತ್ತೊಂದು ಬಯಲು, ಅದರೊಳಗೆ ಹೊಳೆಗಳು ಕೊರೆದ ಇನ್ನೊಂದು ಆಳ. ಅದರಾಚೆ ಕೆಂಪು, ಅದರಾಚೆ ನೇರಳೆ, ಅದರಾಚೆ ಹೆಸರಿಲ್ಲದ ಬಣ್ಣ. ಒಂದು ಮರ ಅಡ್ಡ ಇಲ್ಲ. ಕಣ್ಣು ಹೋದಷ್ಟೂ ನೆಲ ಹೋಗುತ್ತಲೇ ಇತ್ತು.

ಸುಮಿತ್ರ ತೋಟದಲ್ಲಿ ಟಾರ್ಚು ಬಿಟ್ಟು ನೋಡುವವರಂತೆ ಮುಖವನ್ನು ನಿಧಾನಕ್ಕೆ ಎಡದಿಂದ ಬಲಕ್ಕೆ ಒಯ್ದಳು. ಮತ್ತೆ ಬಲದಿಂದ ಎಡಕ್ಕೆ. ದೂರದ ಬೆಟ್ಟದ ಸಾಲಿನಲ್ಲಿ ಅವಳ ನೋಟ ನಿಂತಿತು.

"ಅಲ್ಲೊಂದು ಬೆಟ್ಟ ಉಂಟಲ್ಲ ಅಕ್ಕ, ಅದು ಬುಡದಿಂದ ತುದಿ ತನಕ ಬಂದಿದೆ. ಅದರ ಪಕ್ಕದ್ದೂ ಬಂದಿದೆ. ನಡುವಿನ ಜಾಗವೂ." ಮತ್ತೊಮ್ಮೆ ಆ ತುದಿಯಿಂದ ಈ ತುದಿಗೆ ಮುಖ ಒಯ್ದು, "ಇಷ್ಟು ದೂರವಾ!" ಎಂದಳು.

ನಾನು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡೆ.

ಬಹಳ ಹೊತ್ತು ಕೂತಿದ್ದೆವು. ಬಿಸಿಲು ಚುರುಗುಟ್ಟತೊಡಗಿತು. ಏಳೋಣ ಎನ್ನುವಷ್ಟರಲ್ಲಿ ಅವಳು ನನ್ನ ಕಡೆ ತಿರುಗಿದಳು. ಹತ್ತಿರ ಇರುವ ನನ್ನಲ್ಲಿ ಅವಳಿಗೆ ಮೂಗು, ಒಂದು ಕಣ್ಣು, ಕನ್ನಡಕದ ಒಂದು ಗಾಜು ಕಂಡಿರಬೇಕು, ಅಷ್ಟೇ.

"ಅಕ್ಕ, ನೀನು ದೂರ ಹೋಗಿ ನಿಲ್ಲು."

"ಎಂತಕ್ಕೆ?"

"ಹೋಗು ಅಂದೆನಲ್ಲ. ಒಂದ್ಸಲ ನಾನು ಹೇಳಿದ್ದು ಕೇಳು."

ಅಂಚಿಗೆ ಬೆನ್ನು ಹಾಕಿ, ಚಪ್ಪಟೆ ಬಂಡೆಯ ಮೇಲೆ ನಡೆದೆ. ಸ್ವಲ್ಪ ದೂರ ಹೋಗಿ ತಿರುಗಿದೆ.

"ಸಾಕಾ?"

"ಇಲ್ಲ. ಸೊಂಟದ ತನಕ ಬಂದೆ. ಇನ್ನೂ ಹೋಗು."

ಇನ್ನೂ ಹೋದೆ. "ಈಗ?"

"ಮಂಡಿ. ಇನ್ನೊಂಚೂರು... ಇನ್ನೊಂಚೂರು... ಹಾಂ! ನಿಲ್ಲು. ಅಲ್ಲಾಡಬೇಡ."

ಪ್ರಾರ್ಥನೆಗೆ ನಿಂತ ಹುಡುಗಿಯ ಹಾಗೆ ಕೈ ಇಳಿಬಿಟ್ಟು ನಿಂತೆ. ಆಚೆ ಬಂಡೆಯ ಮೇಲೆ ನನ್ನ ತಂಗಿ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು, ನೆತ್ತಿಯಿಂದ ಪಾದದವರೆಗೆ ನನ್ನನ್ನು ನೋಡಿದಳು. ಮತ್ತೆ ನೆತ್ತಿಯಿಂದ ನೋಡಿದಳು. ನನಗೆ ಅಷ್ಟು ದೂರದಿಂದ ಅವಳ ಮುಖ ತಿಳಿಯುತ್ತಿರಲಿಲ್ಲ. ಆಮೇಲೆ ಅವಳು ಹೊಟ್ಟೆ ಹಿಡಿದುಕೊಂಡು ನಗುವುದು ಕೇಳಿಸಿತು.

"ಅಕ್ಕಾ! ಸೀರೆ ಕೆಳಗೆ ಗಂಡಸರ ಶೂ ಹಾಕಿದ್ದೀಯಾ! ಕಳಸದಿಂದ ಇಲ್ಲೀ ತನಕ ಹೀಗೇ ಬಂದ್ಯಾ ಮಾರಾಯ್ತಿ?"

"ಹೀಗೇ ಬಂದೆ" ಎಂದು ಕೂಗಿ ಹೇಳಿದೆ, ಅಲ್ಲಾಡದೆ.